ತೆಂಗಿನಕಾಯಿ ನೀರಿನಿಂದ ಕೈಚೀಲದ ಹಾಳೆ

ಕೇಳುಗರೇ, ನಮಸ್ಕಾರ.

ಮನೆಯಲ್ಲಿ ಕಾಯಿ ಒಡೆದರೆ ಅದರ ನೀರಿಗೆ ಮಕ್ಕಳು ಲೋಟ ಹಿಡಿದು ನಿಲ್ಲುತ್ತಾರೆ. ಎಣ್ಣೆಗೋ ಕಾಯಿಪುಡಿಗೋ ಸಾವಿರಗಟ್ಟಲೆ ಕಾಯಿ ಒಡೆಯುವ ಕಡೆ ಅದೇ ನೀರು ಚರಂಡಿ ಸೇರುತ್ತದೆ. ಕಾಯಿಗೆ ಸುಮಾರು 100 ಮಿಲಿಲೀಟರ್ ಎಂದು ಹಿಡಿಯಿರಿ, 10,000 ಕಾಯಿಗೆ 1,000 ಲೀಟರ್ ಆಯಿತು. ನೀರಿನಲ್ಲಿ ಸಕ್ಕರೆ ಇರುವುದರಿಂದ ಕೆಲವೇ ಗಂಟೆಗಳಲ್ಲಿ ಹುಳಿಯೇರಿ ನಾರುತ್ತದೆ, ಹರಿದ ಕಡೆ ಮಣ್ಣನ್ನೂ ಕೆಡಿಸುತ್ತದೆ. ತಿಪಟೂರಿನ ಉಂಡೆ ಕೊಬ್ಬರಿಯವರಿಗೆ ಮಾತ್ರ ಈ ತಾಪತ್ರಯವಿಲ್ಲ. ಅಲ್ಲಿ ಕಾಯಿ ತಿಂಗಳುಗಟ್ಟಲೆ ಅಟ್ಟದ ಮೇಲೆ ಕೂತು, ನೀರು ಒಳಗೊಳಗೇ ಇಂಗಿಹೋಗುತ್ತದೆ.

ಈ ನೀರಿನಿಂದ ಚರ್ಮದಂಥ ಹಾಳೆ ಮಾಡಿದ್ದು ಕೇರಳದ ಮಲೈ ಸಂಸ್ಥೆ. ಸ್ಲೊವಾಕಿಯಾದ ವಿನ್ಯಾಸಕಿ ಜುಜಾನಾ ಗೊಂಬೊಶೋವಾ ಇದನ್ನು ಕಟ್ಟಿದವರಲ್ಲಿ ಒಬ್ಬರು. ಮೂಲ ವಿದ್ಯೆ ಮಾತ್ರ ಫಿಲಿಪ್ಪೀನ್ಸ್‌ನದು. ಅಲ್ಲಿ ಕಾಯಿನೀರನ್ನು ಹೆಪ್ಪುಹಾಕಿ ನಾಟಾ ಡೆ ಕೋಕೋ ಎಂಬ ತಿನ್ನುವ ಜೆಲ್ಲಿ ಮಾಡುತ್ತಾರೆ.

ಇಲ್ಲಿ ನೂಲುವುದೂ ನೇಯುವುದೂ ಬ್ಯಾಕ್ಟೀರಿಯಾದ ಕೆಲಸ. ವಿನೆಗರ್ ಮೇಲೆ ಕಟ್ಟುವ ಲೋಳೆಪೊರೆಯಲ್ಲಿ ಇರುವ ಜಾತಿಯದೇ ಇದು. ಸಕ್ಕರೆ ತಿಂದು ಸೆಲ್ಯುಲೋಸ್ ಎಳೆ ಬಿಡುತ್ತದೆ. ಹತ್ತಿಯಲ್ಲಿರುವುದೂ ಸೆಲ್ಯುಲೋಸೇ, ಆದರೆ ಈ ಎಳೆ ತಲೆಗೂದಲಿನ ಸಾವಿರದ ಒಂದು ಪಾಲಿನಷ್ಟು ಸಣ್ಣದು.

ಒಂದು ಲೀಟರ್ ಲೆಕ್ಕ ಹೇಳುತ್ತೇನೆ. ಒಡೆದ ದಿನವೇ ನೀರನ್ನು ಬಟ್ಟೆಯಲ್ಲಿ ಸೋಸಿ, 100 ಗ್ರಾಂ ಸಕ್ಕರೆ ಮತ್ತು 5 ಗ್ರಾಂ ಅಮೋನಿಯಂ ಸಲ್ಫೇಟ್ ಹಾಕಿ ಕುದಿಸಬೇಕು. ಪೂರ್ತಿ ಆರಿದ ಮೇಲೆ, ಹುಳಿ ಅಳೆಯುವ ಪಿಎಚ್ ಕಾಗದ 4ರಿಂದ 4.5 ತೋರಿಸುವಷ್ಟು ಅಸಿಟಿಕ್ ಆಮ್ಲ ಬೆರೆಸಿ, ಈ ಬ್ಯಾಕ್ಟೀರಿಯಾ ಇರುವ ಹೆಪ್ಪನ್ನು 100ರಿಂದ 150 ಮಿಲಿಲೀಟರ್ ಬಿಡಬೇಕು. ಹಾಲು ಸುಡುತ್ತಿರುವಾಗ ಹೆಪ್ಪು ಹಾಕಿದರೆ ಮೊಸರಾಗುವುದಿಲ್ಲವಲ್ಲ, ಇಲ್ಲಿಯೂ ಅಷ್ಟೇ. ಅಗಲದ ತಟ್ಟೆಗೆ ಮೂರು ನಾಲ್ಕು ಸೆಂಟಿಮೀಟರ್ ಆಳ ಸುರಿದು ಮೇಲೆ ಬಟ್ಟೆ ಅಥವಾ ಕಾಗದ ಕಟ್ಟಿ. ಬಿಗಿ ಮುಚ್ಚಳ ಬೇಡ, ಇದಕ್ಕೆ ಗಾಳಿ ಬೇಕು, ಪೊರೆ ಬೆಳೆಯುವುದೇ ಗಾಳಿ ತಾಗುವ ಮೇಲ್ಮೈಯಲ್ಲಿ. 28ರಿಂದ 30 ಡಿಗ್ರಿ ಶಾಖದಲ್ಲಿ ಎರಡು ವಾರಕ್ಕೆ ಸುಮಾರು ಒಂದು ಸೆಂಟಿಮೀಟರ್ ದಪ್ಪದ ಬಿಳಿ ಹಾಸು ಸಿಗುತ್ತದೆ.

ಈ ಎರಡು ವಾರ ತಟ್ಟೆ ಅಲುಗಾಡಬಾರದು. ಇಣುಕಿ ನೋಡಲು ಸ್ವಲ್ಪ ಸರಿಸಿದರೂ ಪೊರೆ ಒಳಗೆ ಮುಳುಗುತ್ತದೆ, ಮೇಲೆ ಹೊಸದು ಕಟ್ಟುತ್ತದೆ. ಎರಡೂ ಒಂದಕ್ಕೊಂದು ಬೆಸೆಯುವುದಿಲ್ಲ, ಮುಂದೆ ಒಣಗಿದಾಗ ಸಿಪ್ಪೆಯಂತೆ ಬಿಡುತ್ತವೆ. ಹಸಿರೋ ಕಪ್ಪೋ ಬೂಷ್ಟು ಕಂಡರೆ ಹುಳಿ ಸಾಲದಾಗಿತ್ತು ಅಥವಾ ಪಾತ್ರೆ ಶುಚಿಯಿರಲಿಲ್ಲ ಎಂದರ್ಥ. ಬೂಷ್ಟನ್ನಷ್ಟೇ ತೆಗೆದು ಉಳಿಸಿಕೊಳ್ಳಲು ಹೋಗಬೇಡಿ, ಇಡೀ ತಟ್ಟೆ ಚೆಲ್ಲಿ.

ಇನ್ನೊಂದು ಮಾತು. ಲೀಟರಿಗೆ 100 ಗ್ರಾಂ ಸಕ್ಕರೆ ಸುರಿದು, ಬರೀ ಕಸದಿಂದಲೇ ಮಾಡಿದ್ದು ಎಂದು ಮಾರುವುದು ಅಷ್ಟು ಸರಿಯಲ್ಲ. ಸಕ್ಕರೆ ಕಡಿಮೆ ಮಾಡಿದರೂ ಹಾಸು ಕಟ್ಟುತ್ತದೆ, ತೆಳುವಾಗುತ್ತದೆ ಅಷ್ಟೇ.

ಬೆಳೆಸುವುದು ಹೀಗೆ ಸುಲಭ. ಕಷ್ಟವೆಲ್ಲ ಒಣಗಿಸುವುದರಲ್ಲಿದೆ. ಹಾಸಿನಲ್ಲಿ ನೂರಕ್ಕೆ 98ರಷ್ಟು ನೀರೇ ಇರುತ್ತದೆ. ಹುಳಿವಾಸನೆ ಹೋಗುವವರೆಗೆ ತೊಳೆದು, ಬ್ಯಾಕ್ಟೀರಿಯಾ ಸಾಯುವಂತೆ ಕುದಿಸಿ, ಹಾಗೆಯೇ ಬಿಸಿಲಿಗಿಟ್ಟರೆ ಒಂದು ಸೆಂಟಿಮೀಟರಿನ ದಪ್ಪ ಕಾಗದದಷ್ಟಾಗಿ, ಹಪ್ಪಳದ ಹಾಗೆ ಮುರುಟಿಕೊಳ್ಳುತ್ತದೆ. ಮಡಿಸಿದರೆ ಪಟ್ಟನೆ ಮುರಿಯುತ್ತದೆ. ನೀರು ಹೋದಾಗ ಎಳೆಗಳು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಳ್ಳುವುದೇ ಇದಕ್ಕೆ ಕಾರಣ. ಗ್ಲಿಸರಿನ್ ಬೆರೆಸಿದ ನೀರಿನಲ್ಲಿ ನೆನೆಸಿದರೆ ಮೆದುವಾಗುತ್ತದೆ. ಆದರೆ ಗ್ಲಿಸರಿನ್ ಗಾಳಿಯ ತೇವ ಎಳೆಯುವಂಥದು, ಮಳೆಗಾಲದಲ್ಲಿ ಹಾಳೆ ಅಂಟಂಟಾಗುತ್ತದೆ. ಮಲೈಯವರು ಹಾಸನ್ನು ಹಾಗೇ ಒಣಗಿಸುವುದಿಲ್ಲ. ಅರೆದು, ಬಾಳೆನಾರು, ಕತ್ತಾಳೆ ನಾರಿನಂಥದನ್ನು ಬೆರೆಸಿ ಮತ್ತೆ ಹಾಳೆಯಾಗಿ ಹರಡುತ್ತಾರೆ. ಉದ್ದನೆಯ ನಾರಿನಿಂದಾಗಿ ಹಾಳೆ ಸುಲಭವಾಗಿ ಹರಿಯುವುದಿಲ್ಲ.

ನೀರಿನ ಭಯ ಆಗಲೂ ಪೂರ್ತಿ ತಪ್ಪುವುದಿಲ್ಲ. ಲಂಡನ್ನಿನ ವಿನ್ಯಾಸಕಿ ಸುಝಾನ್ ಲೀ ಸಿಹಿ ಹಸಿರು ಚಹಾದಲ್ಲಿ ಇಂಥದೇ ಪೊರೆ ಬೆಳೆಸಿ ಜಾಕೆಟ್ ಹೊಲಿದರು. ಮಳೆಗೆ ಸಿಕ್ಕರೆ ಅದು ನೀರು ಹೀರಿ ಭಾರವಾಗಿ ಹೊಲಿಗೆ ಬಿಡುತ್ತದೆ ಎಂದು ಅವರೇ ಹೇಳಿಕೊಂಡಿದ್ದರು. ಹಾಗಾಗಿ ಸದ್ಯಕ್ಕೆ ಇದು ಕೈಚೀಲ, ಹಣದ ಪರ್ಸು, ಪುಸ್ತಕದ ರಟ್ಟಿಗೆ ಒಗ್ಗುವ ಮಾಲು. ಒಗೆದು ಉಡುವ ಬಟ್ಟೆಗಲ್ಲ.

ಅಂಗಡಿಯಲ್ಲಿ ಇಂಥ ಚೀಲ ಕೊಳ್ಳುವಾಗ ಮೇಲಿನ ಲೇಪ ಯಾವುದು, ಹಿಂಬದಿಯ ಬಟ್ಟೆ ಯಾವುದು ಎಂದು ಕೇಳಿ. ಮೇಣ ಅಥವಾ ಎಣ್ಣೆ ಸವರಿದ್ದಾದರೆ ಹಳತಾದ ಮೇಲೆ ಕತ್ತರಿಸಿ ಗೊಬ್ಬರದ ಗುಂಡಿಗೆ ಹಾಕಬಹುದು. ಪಾಲಿಯುರಿಥೇನ್ ಬಳಿದಿದ್ದರೆ ಆ ಪದರ ಮಣ್ಣಿನಲ್ಲಿ ಪ್ಲಾಸ್ಟಿಕ್ಕಾಗಿಯೇ ಉಳಿಯುತ್ತದೆ. ಒದ್ದೆಯಾದರೆ ಕೂಡಲೇ ಒರೆಸಿ ನೆರಳಲ್ಲಿ ಆರಹಾಕಿ, ಬಿಸಿಲಿಗೆ ಹಾಕಿದರೆ ಮತ್ತೆ ಹಪ್ಪಳವಾದೀತು. ನಮಸ್ಕಾರ.