ಕೊಂದವರು ಯಾಕೆ ಬರಲಿಲ್ಲ?

ಸಭಿಕರೇ,

ಅಮೆರಿಕ ಮತ್ತು ವಿಯೆಟ್ನಾಂ ಇಂದು ಮಿತ್ರರಾಷ್ಟ್ರಗಳಂತೆ ನಡೆದುಕೊಳ್ಳುತ್ತಿವೆ. 1995ರ ಜುಲೈನಲ್ಲಿ ಅವುಗಳ ನಡುವೆ ರಾಜತಾಂತ್ರಿಕ ಸಂಬಂಧ ಏರ್ಪಟ್ಟಿತು. 1997ರಲ್ಲಿ ವಿಯೆಟ್ನಾಂ ರಾಜಧಾನಿ ಹನೋಯಿಗೆ ಅಮೆರಿಕದ ರಾಯಭಾರಿಯಾಗಿ ಬಂದ ಪೀಟ್ ಪೀಟರ್ಸನ್ ಅದೇ ದೇಶದಲ್ಲಿ ಆರು ವರ್ಷಕ್ಕೂ ಹೆಚ್ಚು ಕಾಲ ಯುದ್ಧಕೈದಿಯಾಗಿ ಸೆರೆಯಲ್ಲಿದ್ದವರು. ಇದು ಸಣ್ಣ ಸಂಗತಿಯಲ್ಲ. ಆದರೆ ಸರ್ಕಾರಗಳು ಕೈಕುಲುಕಲು ವ್ಯಾಪಾರವಿರುತ್ತದೆ, ಚೀನಾದ ಕುರಿತ ಆತಂಕವಿರುತ್ತದೆ. ಕೊಂದವನೂ ಬದುಕುಳಿದವಳೂ ಎದುರುಬದುರಾಗುವುದು ಬೇರೆಯೇ ವಿಷಯ. ನಾನು ಅದರ ಬಗ್ಗೆ ಮಾತನಾಡಬೇಕೆಂದಿದ್ದೇನೆ.

ವಿಯೆಟ್ನಾಂ ಯುದ್ಧದ ನಡುವೆ, 1968ರ ಮಾರ್ಚ್ 16ರ ಬೆಳಗ್ಗೆ, ಅಮೆರಿಕದ ಒಂದು ತುಕಡಿ ಅಲ್ಲಿನ ಸನ್ ಮಿ ಗ್ರಾಮಕ್ಕೆ ನುಗ್ಗಿತು. ಜಗತ್ತು ಅದನ್ನು ಮೈ ಲಾಯ್ ಎಂದು ಗುರುತಿಸುತ್ತದೆ. ಅಲ್ಲಿನ ಸ್ಮಾರಕದ ಲೆಕ್ಕದಂತೆ ಸತ್ತವರು 504 ಮಂದಿ. ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಹೆಲಿಕಾಪ್ಟರಿನಿಂದ ಇದನ್ನು ಕಂಡ 24 ವರ್ಷದ ಪೈಲಟ್ ಹ್ಯೂ ಥಾಂಪ್ಸನ್, ತನ್ನದೇ ಸೈನಿಕರಿಗೂ ಅಡಗಿ ಕುಳಿತಿದ್ದ ಹಳ್ಳಿಗರಿಗೂ ನಡುವೆ ಹೆಲಿಕಾಪ್ಟರ್ ಇಳಿಸಿದ. ನಮ್ಮವರು ಈ ಜನರ ಮೇಲೆ ಗುಂಡು ಹಾರಿಸಿದರೆ ನೀವು ನಮ್ಮವರ ಮೇಲೇ ಹಾರಿಸಿ ಎಂದು ಜೊತೆಗಿದ್ದ ಲಾರೆನ್ಸ್ ಕೋಲ್ಬರ್ನ್ ಮತ್ತು ಗ್ಲೆನ್ ಆಂಡ್ರಿಯೋಟಾಗೆ ಹೇಳಿದ. ಹೆಣಗಳು ತುಂಬಿದ್ದ ಕಾಲುವೆಗೆ ಇಳಿದು ಜೀವವಿದ್ದ ಮಗುವೊಂದನ್ನು ಎತ್ತಿ ತಂದವನು ಆಂಡ್ರಿಯೋಟಾ. ಕೆಲವೇ ವಾರಗಳಲ್ಲಿ ಅವನೂ ಯುದ್ಧದಲ್ಲಿ ಸತ್ತ. ಬದುಕಿ ಊರಿಗೆ ಮರಳಿದ ಥಾಂಪ್ಸನ್‌ಗೆ ಸಿಕ್ಕಿದ್ದು ದ್ರೋಹಿಯೆಂಬ ಹೆಸರು, ಕೊಲೆ ಬೆದರಿಕೆ. ಸೇನೆ ನಿಜವನ್ನು ಒಪ್ಪಿಕೊಂಡು ಅವನ ಎದೆಗೆ ಪದಕ ತೊಡಿಸಲು ಮೂವತ್ತು ವರ್ಷ ಬೇಕಾಯಿತು.

ಅದೇ 1998ರಲ್ಲಿ ಥಾಂಪ್ಸನ್ ಮತ್ತು ಕೋಲ್ಬರ್ನ್ ಸನ್ ಮಿಗೆ ಮರಳಿದರು. ಅಂದು ಅವರು ಉಳಿಸಿದ್ದ ಹೆಂಗಸೊಬ್ಬಳು ಹತ್ತಿರ ಬಂದು, ಅಂದು ಕೊಂದವರು ನಿಮ್ಮ ಜೊತೆ ಯಾಕೆ ಬರಲಿಲ್ಲ ಎಂದು ಕೇಳಿದಳು. ಥಾಂಪ್ಸನ್ ಕುಸಿದುಹೋದ. ಬಂದಿದ್ದರೆ ನಾವು ಅವರನ್ನು ಕ್ಷಮಿಸಬಹುದಿತ್ತು ಎಂದು ಆಕೆ ಮಾತು ಮುಗಿಸಿದಳು. ತನ್ನಿಂದ ಅಂಥ ಕ್ಷಮೆ ಸಾಧ್ಯವಿಲ್ಲ ಎಂದು ಥಾಂಪ್ಸನ್ ಮುಂದೆ ಒಪ್ಪಿಕೊಂಡ. ನನಗೂ ಸಾಧ್ಯವಾಗುತ್ತಿತ್ತು ಎಂದು ನಾನು ಹೇಳಲಾರೆ.

ಬರಬೇಕಾದವರಲ್ಲಿ ಮೊದಲಿಗ, ಅಂದಿನ ತುಕಡಿಯಲ್ಲಿ ಲೆಫ್ಟಿನೆಂಟ್ ಆಗಿದ್ದ ವಿಲಿಯಂ ಕ್ಯಾಲಿ. 22 ಜನರ ಕೊಲೆಗಾಗಿ 1971ರಲ್ಲಿ ಜೀವಾವಧಿ ಶಿಕ್ಷೆಗೆ ಗುರಿಯಾದ ಅವನು ಕೆಲವೇ ವರ್ಷಗಳ ಗೃಹಬಂಧನದ ನಂತರ ಬಿಡುಗಡೆಯಾದ. ಇಡೀ ಹತ್ಯಾಕಾಂಡದಲ್ಲಿ ಶಿಕ್ಷೆಯಾದದ್ದು ಅವನೊಬ್ಬನಿಗೇ. 2009ರಲ್ಲಿ ಜಾರ್ಜಿಯಾದ ಕೊಲಂಬಸ್ ನಗರದ ಕ್ಲಬ್ಬೊಂದರಲ್ಲಿ, ಪಶ್ಚಾತ್ತಾಪಪಡದ ದಿನವೇ ಇಲ್ಲ ಎಂದ. ಆಜ್ಞೆ ಪಾಲಿಸಿದೆ ಎಂದೂ ಸೇರಿಸಿದ. ಅವನ ದುಃಖ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಕ್ಷಮೆ ಕೊಡಬಲ್ಲವರು ಆ ಸಭೆಯಲ್ಲಿ ಇರಲಿಲ್ಲ, ಸನ್ ಮಿಯಲ್ಲಿದ್ದರು. ತಪ್ಪನ್ನು ತನ್ನವರ ಮುಂದೆ ಹೇಳಿಕೊಳ್ಳುವುದು ಸುಲಭ, ನೊಂದವರ ಅಂಗಳಕ್ಕೆ ಹೋಗಿ ಹೇಳುವುದು ಕಷ್ಟ.

ಈ ಹೊಣೆ ಅಮೆರಿಕದ್ದು ಮಾತ್ರವಲ್ಲ. 1968ರಲ್ಲೇ ವಿಯೆಟ್ನಾಮಿನ ಹ್ಯೂ ಎಂಬ ನಗರವನ್ನು ಹಿಡಿದಿದ್ದ, ಅಮೆರಿಕದ ಎದುರಾಳಿಗಳಾದ ಕಮ್ಯುನಿಸ್ಟ್ ಪಡೆಗಳು ಅಲ್ಲಿನ ನಾಗರಿಕರನ್ನು ಕೊಂದು ಗುಂಡಿಗಳಲ್ಲಿ ಹೂತವು. ಯುದ್ಧ ಗೆದ್ದ ವಿಯೆಟ್ನಾಂ ಸರ್ಕಾರ ಅದರ ಬಗ್ಗೆ ಬಾಯಿ ಬಿಡುವುದಿಲ್ಲ. ಅಮೆರಿಕನ್ನರ ಜೊತೆ ಆದ ರಾಜಿ ವಿಯೆಟ್ನಾಮಿಗಳ ನಡುವೆಯೇ ಇನ್ನೂ ಪೂರ್ತಿಯಾಗಿಲ್ಲ.

ದಕ್ಷಿಣ ಕೊರಿಯಾದ ಸೈನಿಕರೂ ಅಮೆರಿಕದ ಪರವಾಗಿ ಅಲ್ಲಿ ಹೋರಾಡಿದ್ದರು. 1968ರ ಫೆಬ್ರವರಿ 12ರಂದು ಫಾಂಗ್ ನ್ಹಿ ಎಂಬ ಹಳ್ಳಿಯಲ್ಲಿ ಅವರು 70ಕ್ಕೂ ಹೆಚ್ಚು ಜನರನ್ನು ಕೊಂದರು. ಹೊಟ್ಟೆಗೆ ಗುಂಡು ತಗುಲಿ ಬದುಕುಳಿದ ಪುಟ್ಟ ಹುಡುಗಿಯೊಬ್ಬಳು ವಯಸ್ಸಾದ ಮೇಲೆ, 2020ರಲ್ಲಿ, ಕೊರಿಯಾ ಸರ್ಕಾರದ ಮೇಲೆ ಮೊಕದ್ದಮೆ ಹೂಡಿದಳು. 2023ರಲ್ಲಿ ಸೋಲ್ ನ್ಯಾಯಾಲಯ ಆಕೆಗೆ 3 ಕೋಟಿ ವನ್ ಪರಿಹಾರ ಕೊಡಬೇಕೆಂದು ತೀರ್ಪಿತ್ತಿತು. ಸರ್ಕಾರ ಮೇಲ್ಮನವಿ ಸಲ್ಲಿಸಿತು. 2025ರ ಜನವರಿಯಲ್ಲಿ ಅದೂ ವಜಾ ಆಯಿತು. ಆ ಮೊಕದ್ದಮೆಯ ವಿಚಾರಣೆಯಲ್ಲಿ, ಅಂದು ಅದೇ ತುಕಡಿಯಲ್ಲಿದ್ದ ಕೊರಿಯಾದ ಮಾಜಿ ಸೈನಿಕನೊಬ್ಬ ತಾನಾಗಿ ಬಂದು ಆಕೆಯ ಪರ ಸಾಕ್ಷಿ ನುಡಿದ.