ಭಾನುವಾರ ಹೊಲ ಉತ್ತರೆ ದಂಡ, ತಟ್ಟೆಯಲ್ಲಿ ಮಾಂಸ ಇದ್ದರೆ ಏನು? 1909ರ ಅಡ್ವೆಂಟಿಸ್ಟ್ ಮಹಾಸಭೆಯ ಕಥೆ

[ಪರದೆ ಮೇಲೆ: ಟೆನೆಸ್ಸಿ, ಅಮೆರಿಕ, 1889]

ನಮಸ್ಕಾರ. ಟೆನೆಸ್ಸಿ ರಾಜ್ಯದಲ್ಲಿ ಆರ್. ಎಂ. ಕಿಂಗ್ ಎಂಬ ರೈತನಿದ್ದ. ತನ್ನದೇ ಹೊಲ ಉಳುತ್ತಿದ್ದ. ಅದಕ್ಕೆ ಅವನ ಮೇಲೆ ಕೇಸು ಬಿತ್ತು. ಯಾಕೆ ಅಂದರೆ ಅವತ್ತು ಭಾನುವಾರ, ಭಾನುವಾರ ಕೆಲಸ ಮಾಡಬಾರದು ಎಂಬ ಕಾನೂನು ಅಲ್ಲಿತ್ತು. ಕೋರ್ಟು 75 ಡಾಲರ್ ದಂಡ ಹಾಕಿತು. ಆ ಕಾಲದ ಒಬ್ಬ ರೈತನಿಗೆ ಇದು ಸಣ್ಣ ಮೊತ್ತ ಅಲ್ಲ.

ಕಿಂಗ್ ಸೆವೆಂತ್ ಡೇ ಅಡ್ವೆಂಟಿಸ್ಟ್ ಎಂಬ ಕ್ರೈಸ್ತ ಪಂಗಡಕ್ಕೆ, ಅಂದರೆ ಸಭೆಗೆ, ಸೇರಿದವನು. ಇವರ ಸಬ್ಬತ್, ಅಂದರೆ ವಾರದ ವಿಶ್ರಾಂತಿಯ ದಿನ, ಶುಕ್ರವಾರ ಸಂಜೆ ಸೂರ್ಯ ಮುಳುಗಿದಾಗ ಶುರುವಾಗಿ ಶನಿವಾರ ಸಂಜೆಗೆ ಮುಗಿಯುತ್ತದೆ. ಶನಿವಾರ ದೇವರಿಗೆ ಬಿಟ್ಟಾಯಿತು. ಭಾನುವಾರವೂ ಕೈಕಟ್ಟಿ ಕೂತರೆ ಹೊಲದ ಕೆಲಸ ನಡೆಯೋದು ಹೇಗೆ? ಕೇಸು ಒಂದು ಕೋರ್ಟಿನಿಂದ ಇನ್ನೊಂದಕ್ಕೆ ಹತ್ತಿತು. ಅಮೆರಿಕದ ಸುಪ್ರೀಂ ಕೋರ್ಟು ಅದನ್ನು ಕೇಳುವ ಮೊದಲೇ, 1891ರಲ್ಲಿ, ಕಿಂಗ್ ತೀರಿಕೊಂಡ.

ಈ ಕಥೆ ಮೊದಲು ಹೇಳಿದ್ದಕ್ಕೆ ಕಾರಣ ಇದೆ. 1909ರಲ್ಲಿ ಇದೇ ಸಭೆಯವರು ವಾಷಿಂಗ್ಟನ್ ಪಕ್ಕದ ಟಕೋಮಾ ಪಾರ್ಕ್ ಎಂಬ ಊರಿನಲ್ಲಿ ಮಹಾಸಭೆಗೆ ಸೇರಿದರು. ಚರ್ಚೆಗೆ ಬಂದ ವಿಷಯಗಳಲ್ಲಿ ಮಿಷನ್ ಕೆಲಸ, ಪುಸ್ತಕ ಪ್ರಕಟಣೆ, ಧಾರ್ಮಿಕ ಸ್ವಾತಂತ್ರ್ಯ, ಊಟ ಎಲ್ಲವೂ ಇದ್ದವು. ಮೊದಲ ಮೂರು ಸರಿ, ಊಟ ಯಾಕೆ ಬಂತು ಅನಿಸುತ್ತೆ, ಅಲ್ವಾ? ಓದುತ್ತಾ ಹೋದ ಹಾಗೆ ನನಗೆ ಈ ನಾಲ್ಕೂ ಒಂದಕ್ಕೊಂದು ಹೆಣೆದುಕೊಂಡಿರುವುದು ಕಾಣಿಸಿತು.

[ದೃಶ್ಯ: ದೊಡ್ಡ ಡೇರೆ, ಬೆಂಚುಗಳ ಮೇಲೆ ಪ್ರತಿನಿಧಿಗಳು]

ಮೇ 13ರಿಂದ ಜೂನ್ 6ರವರೆಗೆ, ಮೂರು ವಾರಕ್ಕೂ ಜಾಸ್ತಿ, ದೊಡ್ಡ ಡೇರೆ ಹಾಕಿ ಮಹಾಸಭೆ ನಡೆಸಿದರು. ಅಧ್ಯಕ್ಷರು ಎ. ಜಿ. ಡೇನಿಯಲ್ಸ್. ಎಲ್ಲರ ಕಣ್ಣು ಇದ್ದದ್ದು ಮಾತ್ರ ಎಲೆನ್ ವೈಟ್ ಎಂಬ ಹಿರಿಯರ ಮೇಲೆ. ಸಭೆಯ ಸ್ಥಾಪಕರಲ್ಲಿ ಒಬ್ಬರು, ಆಗ 81 ವರ್ಷ. ಕ್ಯಾಲಿಫೋರ್ನಿಯಾದಿಂದ, ದೇಶದ ಆ ತುದಿಯಿಂದ ಈ ತುದಿಗೆ, ದಾರಿಯುದ್ದಕ್ಕೂ ಮಾತಾಡುತ್ತಾ ಬಂದಿದ್ದರು. ಅವರು ಬಂದ ಕೊನೆಯ ಮಹಾಸಭೆ ಇದೇ.

ಪ್ರಕಟಣೆಯ ವಿಷಯ ಬೇಗ ಹೇಳಿಬಿಡುತ್ತೇನೆ. ಈ ಸಭೆ ಬೆಳೆದದ್ದೇ ಅಚ್ಚಿನ ಕಾಗದದ ಮೇಲೆ. 1849ರಲ್ಲಿ ಎಲೆನ್ ಅವರ ಗಂಡ ಜೇಮ್ಸ್ ವೈಟ್ ಕನೆಕ್ಟಿಕಟ್‌ನಲ್ಲಿ ಒಂದು ಪುಟ್ಟ ಪತ್ರಿಕೆ ಶುರು ಮಾಡಿದರು. ಮುಂದೆ ಮಿಷಿಗನ್‌ನ ಬ್ಯಾಟಲ್ ಕ್ರೀಕ್‌ನಲ್ಲಿ ದೊಡ್ಡ ಪ್ರೆಸ್ ಆಯಿತು. 1902ರ ಡಿಸೆಂಬರಿನಲ್ಲಿ ಅದು ಸುಟ್ಟುಹೋಯಿತು, ಮರುವರ್ಷ ಕಚೇರಿಯೂ ಪ್ರೆಸ್ಸೂ ವಾಷಿಂಗ್ಟನ್ ಕಡೆಗೆ ಬಂದವು. ಪ್ರೆಸ್ಸಿಗಿಂತ ಮುಖ್ಯವಾದವರು ಚೀಲ ಹೆಗಲಿಗೆ ಹಾಕಿಕೊಂಡು ಮನೆ ಮನೆಗೆ ಪುಸ್ತಕ ಮಾರುತ್ತಿದ್ದವರು. ಭಾರತಕ್ಕೆ ಇವರ ಕಡೆಯಿಂದ ಮೊದಲು ಬಂದದ್ದು ಪಾಸ್ಟರ್ ಅಲ್ಲ. 1893ರಲ್ಲಿ ಮದ್ರಾಸಿನಲ್ಲಿ ಹಡಗು ಇಳಿದ ಇಬ್ಬರು ಪುಸ್ತಕ ಮಾರುವವರು.

[ನಕ್ಷೆ: ಟಿಟಿಕಾಕಾ ಸರೋವರ, ಪೆರು]

ಈಗ ಮಿಷನ್ ಕೆಲಸ. ಆ ಮಹಾಸಭೆಗೆ ಫರ್ಡಿನಾಂಡ್ ಮತ್ತು ಆನಾ ಸ್ಟಾಲ್ ಎಂಬ ಗಂಡ-ಹೆಂಡತಿ ಬಂದಿದ್ದರು. ಇಬ್ಬರೂ ನರ್ಸ್. ದಕ್ಷಿಣ ಅಮೆರಿಕಕ್ಕೆ ಹೋಗುತ್ತೇವೆ ಅಂತ ಮುಂದೆ ಬಂದರು, ಅದೇ ವರ್ಷ ಹೊರಟರು. ಮೊದಲು ಬೊಲಿವಿಯಾ, ಆಮೇಲೆ ಪೆರುವಿನ ಟಿಟಿಕಾಕಾ ಸರೋವರದ ದಡ. ಸಮುದ್ರಮಟ್ಟದಿಂದ ಸುಮಾರು 3,800 ಮೀಟರ್ ಎತ್ತರ. ಅಲ್ಲಿನ ಐಮಾರಾ ಜನ ಜಮೀನ್ದಾರರ ಕೈಕೆಳಗೆ ನಲುಗಿದ್ದರು. ಅವರು ಅಕ್ಷರ ಕಲಿಯುವುದನ್ನೇ ಮೇಲಿನವರು ಸಹಿಸುತ್ತಿರಲಿಲ್ಲ. ಮ್ಯಾನುಯೆಲ್ ಕಮಾಚೋ ಎಂಬ ಐಮಾರಾ ಮುಖಂಡ ಇವರು ಬರುವ ಮೊದಲೇ ತನ್ನವರಿಗೆ ಓದು ಕಲಿಸಲು ಶುರು ಮಾಡಿದ್ದ. ಈ ಮಾತನ್ನು ಒತ್ತಿ ಹೇಳಬೇಕು. ಶಾಲೆಯ ಆಸೆ ಹೊರಗಿನಿಂದ ಬಂದದ್ದಲ್ಲ, ಆ ಊರಿನದೇ. ಸ್ಟಾಲ್ ದಂಪತಿ ಅದಕ್ಕೆ ಜೊತೆಯಾದರು, ಔಷಧಿ ಕೊಟ್ಟರು.

1913ರ ಮಾರ್ಚ್‌ನಲ್ಲಿ ಪೂನೋ ನಗರದ ಕ್ಯಾಥೊಲಿಕ್ ಬಿಷಪ್ ಒಂದು ಗುಂಪು ಕಟ್ಟಿಕೊಂಡು ಈ ಶಾಲೆ ಇದ್ದ ಪ್ಲಾಟೇರಿಯಾ ಊರಿಗೆ ಬಂದರು. ಸ್ಟಾಲ್ ದಂಪತಿ ಅವತ್ತು ಊರಿನಲ್ಲಿರಲಿಲ್ಲ. ಬಿಷಪ್ ಮುಂದೆ ಮಂಡಿಯೂರಲು ಒಪ್ಪದ ಕಮಾಚೋ ಮತ್ತು ಜೊತೆಗಾರರನ್ನು ಹಿಡಿದು ಪೂನೋ ಜೈಲಿಗೆ ಹಾಕಿದರು. ಆಗಿನ ಪೆರು ಸಂವಿಧಾನದ 4ನೇ ವಿಧಿ ಪ್ರಕಾರ ಕ್ಯಾಥೊಲಿಕ್ ಧರ್ಮ ಬಿಟ್ಟು ಬೇರೆ ಧರ್ಮವನ್ನು ಬಹಿರಂಗವಾಗಿ ಆಚರಿಸುವ ಹಾಗಿರಲಿಲ್ಲ. ಸುದ್ದಿ ದೇಶವೆಲ್ಲ ಹಬ್ಬಿತು, ವಾದ ಶುರುವಾಯಿತು. 1915ರಲ್ಲಿ ಆ ನಿಷೇಧದ ಸಾಲನ್ನೇ ತೆಗೆದುಹಾಕಿದರು. ಟೆನೆಸ್ಸಿಯ ರೈತ ಸೋತ ಅದೇ ಹಕ್ಕಿನ ಹೋರಾಟ ಆಂಡೀಸ್ ಬೆಟ್ಟದ ಮೇಲೆ ಗೆದ್ದಿತು. ಬೆಲೆ ತೆತ್ತವರು ಕಮಾಚೋನಂಥವರು. ಅವರ ಹೆಸರು ಇನ್ನೂ ಜಾಸ್ತಿ ಜನಕ್ಕೆ ಗೊತ್ತಿರಬೇಕಿತ್ತು.

[ಪರದೆ ಮೇಲೆ: ಊಟ]

ಈಗ ಊಟಕ್ಕೆ ಬರೋಣ. ನಮ್ಮಲ್ಲಿ ಸಸ್ಯಾಹಾರ ಅಂದ ತಕ್ಷಣ ಜಾತಿ ನೆನಪಿಗೆ ಬರುತ್ತದೆ. ಇಲ್ಲಿ ಅದನ್ನು ಪಕ್ಕಕ್ಕಿಡಿ. ಇವರಿಗೆ ಇದು ಆರೋಗ್ಯದ ಮಾತು. ದೇಹ ದೇವರು ಕೊಟ್ಟದ್ದು, ಅದನ್ನು ಕೆಡಿಸಬಾರದು ಎಂಬ ನಂಬಿಕೆ. 1863ರಿಂದಲೇ ಎಲೆನ್ ವೈಟ್ ಇದನ್ನು ಹೇಳುತ್ತಾ ಬಂದಿದ್ದರು. ಬ್ಯಾಟಲ್ ಕ್ರೀಕ್‌ನಲ್ಲಿ ಇವರ ಆಸ್ಪತ್ರೆ ನಡೆಸುತ್ತಿದ್ದ ಡಾ. ಕೆಲಾಗ್ ಅವರ ಅಡುಗೆಮನೆಯಿಂದಲೇ ಇವತ್ತಿನ ಕಾರ್ನ್‌ಫ್ಲೇಕ್ಸ್ ಬಂದದ್ದು.

1908ರಲ್ಲಿ ಎಲೆನ್ ವೈಟ್ ಡೇನಿಯಲ್ಸ್ ಅವರಿಗೆ ಒಂದು ಕಾಗದ ಬರೆದರು. ಮಾಂಸ, ಟೀ, ಕಾಫಿ ಬಿಡುತ್ತೇವೆ ಅಂತ ಜನರಿಂದ ಪ್ರತಿಜ್ಞೆ ತೆಗೆದುಕೊಳ್ಳಿ ಎಂಬ ಸಲಹೆ ಅದರಲ್ಲಿತ್ತು. ಡೇನಿಯಲ್ಸ್ ಹಿಂಜರಿದರು. ತಿಳಿಸಿ ಹೇಳೋಣ, ಸಹಿ ಹಾಕಿಸುವುದು ಬೇಡ ಎಂಬುದು ಅವರ ನಿಲುವು. ಅವರು ದೇಶ ದೇಶ ಸುತ್ತಿದವರು. ಸ್ಕ್ಯಾಂಡಿನೇವಿಯಾದ ಉತ್ತರ ತುದಿಯ ಚಳಿಯಲ್ಲಿ ಒಬ್ಬ ಪಾಸ್ಟರನ್ನು ನೋಡಿದ್ದರು. ಹಾಲು, ಬೆಣ್ಣೆ, ಮೊಟ್ಟೆ ಎಲ್ಲ ಬಿಟ್ಟು, ಅಲ್ಲಿ ಸರಿಯಾಗಿ ಸಿಗದ ಹಣ್ಣು ನಂಬಿಕೊಂಡು ಆತ ಎಲುಬಿನ ಹಂದರ ಆಗಿದ್ದ. ಈ ವಿಷಯ ಹೇಳಿದಾಗ ಎಲೆನ್ ವೈಟ್, ಜನ ತಲೆ ಯಾಕೆ ಓಡಿಸುವುದಿಲ್ಲ, ಇರುವ ಜಾಗ ನೋಡಿಕೊಂಡು ತಿನ್ನಬೇಕಲ್ಲವೇ ಎಂಬ ಅರ್ಥದ ಮಾತು ಆಡಿದರಂತೆ. ಇದನ್ನು ಡೇನಿಯಲ್ಸ್ 1919ರಲ್ಲಿ ನೆನೆದು ಹೇಳಿದ್ದಾರೆ.

ಆ ಪ್ರತಿಜ್ಞೆ ಅಲ್ಲಿಗೇ ನಿಂತಿತು. 1909ರ ಮೇ 31ರಂದು ಡೇರೆಯಲ್ಲಿ ಎಲೆನ್ ವೈಟ್ ಆಹಾರದ ಬಗ್ಗೆಯೇ ಒಂದು ಪ್ರಬಂಧ ಓದಿದರು. ಮೃದುವಾಗಿ ಏನೂ ಇರಲಿಲ್ಲ, ಮಾಂಸ ಬಿಡಿ ಎಂದು ಗಟ್ಟಿಯಾಗಿಯೇ ಹೇಳಿದರು. ಆದರೆ ಹಣ್ಣು, ಧಾನ್ಯ, ಕಾಯಿಬೀಜ ಧಾರಾಳವಾಗಿ ಸಿಗುವ ದೇಶಗಳಲ್ಲಿ ಎಂಬ ಮಾತು ಸೇರಿಸಿದರು. ಎಲ್ಲರಿಗೂ ಒಂದೇ ಗೆರೆ ಎಳೆಯುವುದಿಲ್ಲ ಎಂದರು. ಮಾಂಸ ತಿನ್ನುವವರನ್ನು ಸಭೆಯಿಂದ ಹೊರಗಿಡಬಾರದು ಎಂದೂ ಹೇಳಿದರು.

ನನ್ನ ಪ್ರಕಾರ ಆ ಮೂರು ವಾರದಲ್ಲಿ ಆದ ದೊಡ್ಡ ವಿಷಯ ಇದು. ಭಾನುವಾರದ ಕಾನೂನು ನಮ್ಮ ಮೇಲೆ ಹೇರಬೇಡಿ ಎಂದು ಸರ್ಕಾರವನ್ನು ಕೇಳುವವರು, ತಮ್ಮದೇ ಜನರ ತಟ್ಟೆಗೆ ಕಾನೂನು ಮಾಡಿದ್ದರೆ ಆ ಮಾತಿಗೆ ಬಲ ಎಲ್ಲಿರುತ್ತಿತ್ತು? ಮಿಷನ್ ಕೆಲಸಕ್ಕೆ ಅಂತ ಹತ್ತಾರು ದೇಶ ನೋಡದೇ ಇದ್ದಿದ್ದರೆ ಡೇನಿಯಲ್ಸ್ ಆ ಕಾಗದಕ್ಕೆ ಹಿಂಜರಿಯುತ್ತಿದ್ದರೋ ಇಲ್ಲವೋ!

ಇವತ್ತಿಗೂ ಹಾಗೆಯೇ ಇದೆ. ಹೆಂಡ, ತಂಬಾಕು, ಹಂದಿ ಮಾಂಸ ಬೇಡ ಎಂದು ಸಭೆ ಖಡಾಖಂಡಿತವಾಗಿ ಹೇಳುತ್ತದೆ. ಸಸ್ಯಾಹಾರ ಒಳ್ಳೆಯದು ಅನ್ನುತ್ತದೆ, ಕಡ್ಡಾಯ ಮಾಡಿಲ್ಲ.

[ದೃಶ್ಯ: ಬೆಂಗಳೂರು, ಹಳೇ ಮದ್ರಾಸ್ ರಸ್ತೆ]

ಇದಕ್ಕೆ ಬೆಂಗಳೂರಿನ ನಂಟೂ ಇದೆ. ಆ ಮಹಾಸಭೆಯ ಹೊತ್ತಿಗೆ ಕಾರ್ಯದರ್ಶಿಯಾಗಿದ್ದ ಡಬ್ಲ್ಯೂ. ಎ. ಸ್ಪೈಸರ್ ಅದಕ್ಕೂ ಮೊದಲು ಕಲ್ಕತ್ತದಲ್ಲಿ ಪತ್ರಿಕೆ ನಡೆಸಿದವರು. ಅವರ ಹೆಸರಿನ ಕಾಲೇಜು 1915ರಲ್ಲಿ ಕೊಯಮತ್ತೂರಿನಲ್ಲಿ ತರಬೇತಿ ಶಾಲೆಯಾಗಿ ಹುಟ್ಟಿ, ನಮ್ಮ ಕೃಷ್ಣರಾಜಪುರಕ್ಕೆ ಬಂದು, ಅಲ್ಲಿ ಬೆಳೆದು, 1942ರಲ್ಲಿ ಪುಣೆಗೆ ಹೋಯಿತು. ಕೃಷ್ಣರಾಜಪುರದಲ್ಲಿ ಇವತ್ತು ಅದೇ ಸಭೆಯವರ ಲೌರಿ ಶಾಲೆ ನಡೆಯುತ್ತಿದೆ. ಅಲ್ಲಿ ಓದಿದವರು ಈ ವಿಡಿಯೋ ನೋಡುತ್ತಿದ್ದರೆ, ಹಾಸ್ಟೆಲ್ ಊಟ ಹೇಗಿತ್ತು, ಶನಿವಾರ ಹೇಗೆ ಕಳೆಯುತ್ತಿದ್ದಿರಿ ಅಂತ ಕೆಳಗೆ ಬರೆಯಿರಿ. ನನಗೆ ಅದನ್ನು ಓದಬೇಕು ಅಂತ ತುಂಬಾ ಆಸೆ.