ತೆರೆದ ಬಾಗಿಲು: ಬೆಟ್ಟದ ಹಳೆಯ ತಂಗುದಾಣಗಳಲ್ಲಿ ಅತಿಥಿಯ ಒಂದು ರಾತ್ರಿ

ಮಾನ್ಯ ಸಭಿಕರೇ,

ಬೆಟ್ಟದ ಮೇಲಿನ ಯಾವುದಾದರೂ ಹಳೆಯ ತಂಗುದಾಣದಲ್ಲಿ ಒಂದು ರಾತ್ರಿ ಕಳೆದು ಬಂದವರನ್ನು ಅಲ್ಲಿ ಹೇಗಿತ್ತೆಂದು ಕೇಳಿ ನೋಡಿ. ಕೋಣೆ ಎಷ್ಟು ವಿಶಾಲವಾಗಿತ್ತು, ಹಾಸಿಗೆ ಎಷ್ಟು ಮೆತ್ತಗಿತ್ತು ಎಂಬಲ್ಲಿಂದ ಅವರು ಮಾತು ಶುರು ಮಾಡುವುದು ಅಪರೂಪ. ಮಂಜು ಕವಿದಿತ್ತು, ಕಾಲು ಸೋತಿತ್ತು, ಇನ್ನೆಷ್ಟು ದೂರವೋ ಎನ್ನುವಷ್ಟರಲ್ಲಿ ತಿರುವಿನಾಚೆ ಕಲ್ಲಿನ ಗೋಡೆಯೊಂದು ಕಾಣಿಸಿತು ಎಂದು, ತಲುಪಿದ ಬಗೆಯನ್ನೇ ಅವರು ಮೊದಲು ಹೇಳುತ್ತಾರೆ. ಊಟ, ನಿದ್ದೆ, ಕಿಟಕಿಯಾಚೆಯ ನೋಟ ಎಲ್ಲವೂ ಆಮೇಲೆ ಬರುತ್ತವೆ. ಈ ಕ್ರಮಕ್ಕೆ ಕಾರಣವಿದೆ. ಆ ಮನೆಗಳನ್ನು ಕಟ್ಟಿದವರು ಬೆಟ್ಟ ನೋಡಲು ಬರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿರಲಿಲ್ಲ. ಬೆಟ್ಟ ದಾಟದೆ ವಿಧಿಯಿಲ್ಲದವರಿಗಾಗಿ ಕಟ್ಟಿದ್ದರು. ಇಂದು ನಾವು ಇಷ್ಟಪಟ್ಟು, ಬಿಡುವು ಮಾಡಿಕೊಂಡು ಅಲ್ಲಿಗೆ ಹೋಗುತ್ತೇವೆ, ಆದರೆ ಆ ಮನೆ ಮಾತ್ರ ಈಗಲೂ ನಮ್ಮನ್ನು ದಾರಿಯಲ್ಲಿ ಸಿಕ್ಕಿಬಿದ್ದು ಬಂದವರಂತೆಯೇ ಬರಮಾಡಿಕೊಳ್ಳುತ್ತದೆ. ಅಲ್ಲಿ ತಂಗುವ ಅನುಭವದ ತಿರುಳು ಇದೇ ಎಂಬುದು ನನ್ನ ನಂಬಿಕೆ.

ಇದನ್ನು ಬಿಡಿಸಿ ಹೇಳಲು ಗ್ರೇಟ್ ಸೇಂಟ್ ಬರ್ನಾರ್ಡ್ ಘಾಟಿಯ ಛತ್ರಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋಚುವುದಿಲ್ಲ. ಆಲ್ಪ್ಸ್ ಪರ್ವತಗಳ ನಡುವೆ, ಸ್ವಿಟ್ಜರ್ಲೆಂಡಿನಿಂದ ಇಟಲಿಗೆ ಇಳಿಯುವ ಗಡಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 2,470 ಮೀಟರ್ ಎತ್ತರದಲ್ಲಿ ಆ ಘಾಟಿ ಇದೆ. ರೋಮನರ ಕಾಲದಲ್ಲೇ ಅಲ್ಲಿ ರಸ್ತೆಯಿತ್ತು, ಜ್ಯುಪಿಟರ್ ದೇವರ ಗುಡಿಯಿತ್ತು. ದಾರಿ ಸುಗಮವಾಗಲೆಂದು ಹರಕೆ ಹೊತ್ತವರು ಆ ಗುಡಿಗೆ ಒಪ್ಪಿಸಿದ್ದ ಕಂಚಿನ ಫಲಕಗಳು ನೆಲದಡಿಯಲ್ಲಿ ಸಿಕ್ಕಿವೆ. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಸಿಜರಿಕ್ 990ರ ಸುಮಾರಿಗೆ ರೋಮ್‌ನಿಂದ ಊರಿಗೆ ಮರಳಿದ್ದು ಇದೇ ದಾರಿಯಲ್ಲಿ. ಅದಕ್ಕೆ ಸ್ವಲ್ಪ ಮೊದಲು, 972ರಲ್ಲಿ, ಕ್ಲೂನಿ ಮಠದ ಅಧಿಪತಿ ಮಯೋಲಸ್ ಈ ದಾರಿಯಲ್ಲೇ ಸೆರೆಸಿಕ್ಕಿ, ಒತ್ತೆಹಣ ಕೊಟ್ಟ ಮೇಲೆ ಬಿಡುಗಡೆ ಹೊಂದಿದ್ದರು. ಅಂದರೆ ಹಿಮಕ್ಕೆ ಎಷ್ಟು ಹೆದರಬೇಕಿತ್ತೋ ದರೋಡೆಗೂ ಅಷ್ಟೇ ಹೆದರಬೇಕಿದ್ದ ದಾರಿ ಅದು. ಇಟಲಿ ಕಡೆಯ ಆಓಸ್ತಾ ಪಟ್ಟಣದಲ್ಲಿ ಆರ್ಚ್‌ಡೀಕನ್, ಅಂದರೆ ಬಿಷಪ್ಪರ ಕೈಕೆಳಗಿನ ಹಿರಿಯ ಪಾದ್ರಿ, ಆಗಿದ್ದ ಬರ್ನಾರ್ಡ್ 1050ರ ಸುಮಾರಿಗೆ ಘಾಟಿಯ ನೆತ್ತಿಯಲ್ಲೇ ಛತ್ರವೊಂದನ್ನು ಕಟ್ಟಿಸಿದರು. ಮುಂದೆ ಅಗಸ್ಟೀನ್ ನಿಯಮವನ್ನು ಪಾಲಿಸುವ ಮಠವಾಸಿ ಪಾದ್ರಿಗಳು ಅದನ್ನು ನಡೆಸಿಕೊಂಡು ಬಂದರು, ಇಂದಿಗೂ ನಡೆಸುತ್ತಿದ್ದಾರೆ.

ಆ ಛತ್ರಕ್ಕೆ ಲ್ಯಾಟಿನ್ ಭಾಷೆಯಲ್ಲಿ ಒಂದು ಧ್ಯೇಯವಾಕ್ಯವಿದೆ. ಕನ್ನಡದಲ್ಲಿ ಹೇಳುವುದಾದರೆ, ಇಲ್ಲಿ ಕ್ರಿಸ್ತನಿಗೆ ಪೂಜೆಯೂ ಉಂಟು, ಊಟವೂ ಉಂಟು. ಪೂಜೆ ಗುಡಿಯೊಳಗೆ, ಊಟ ಪಂಕ್ತಿಯಲ್ಲಿ. ಉಣ್ಣಲು ಬಂದ ದಾರಿಹೋಕನೇ ಕ್ರಿಸ್ತ ಎಂಬುದು ಇದರ ಅರ್ಥ. ಹೀಗಾಗಿ ಬಂದವನ ಜಾತಿ ಯಾವುದು, ಮತ ಯಾವುದು, ಕೈಯಲ್ಲಿ ಕಾಸಿದೆಯೇ ಎಂದು ಕೇಳುವ ಪ್ರಶ್ನೆಯೇ ಅಲ್ಲಿ ಏಳುವಂತಿರಲಿಲ್ಲ. ಆ ಮನೆಯ ಮುಂಬಾಗಿಲಿಗೆ ಶತಮಾನಗಳಿಂದ ಬೀಗ ಹಾಕಿಲ್ಲವೆಂದು ಅಲ್ಲಿನವರು ಹೇಳುತ್ತಾರೆ. ಈ ಮಾತನ್ನು ಕೇಳಿದವರು ಅದನ್ನು ಔದಾರ್ಯದ ಸಂಕೇತವೆಂದು ಮೆಚ್ಚಿಕೊಳ್ಳುವುದು ಸಹಜ. ನನಗಂತೂ ಅದರಲ್ಲಿ ಮೊದಲು ಕಾಣುವುದು ತಿಳಿವಳಿಕೆ. ನಡುರಾತ್ರಿ ಹಿಮಗಾಳಿಯಲ್ಲಿ ಬಂದು ನಿಂತವನ ಬೆರಳುಗಳು ಮರಗಟ್ಟಿರುತ್ತವೆ, ಬಾಗಿಲು ಬಡಿಯುವಷ್ಟು ತ್ರಾಣವೂ ಉಳಿದಿರುವುದಿಲ್ಲ, ಕೂಗಿದರೆ ಗಾಳಿಯ ಸದ್ದಿನಲ್ಲಿ ಒಳಗಿನವರಿಗೆ ಕೇಳಿಸುವುದಿಲ್ಲ. ಅಂಥವನ ಪಾಲಿಗೆ ತಳ್ಳಿದರೆ ತೆರೆದುಕೊಳ್ಳುವ ಬಾಗಿಲು ಜೀವ ಉಳಿಸುವ ಸಾಧನ.

ಅಂದಿನ ಅತಿಥಿಯ ಅನುಭವ ಹೊಸ್ತಿಲಿಗಿಂತ ಎಷ್ಟೋ ಮುಂಚೆ ಶುರುವಾಗುತ್ತಿತ್ತು. ಚಳಿಗಾಲದಲ್ಲಿ ಛತ್ರದ ಆಳುಗಳೂ ಪಾದ್ರಿಗಳೂ ದಾರಿ ತೋರಿಸಲು ಕೆಳಗಿಳಿದು ಹೋಗುತ್ತಿದ್ದರು. ಸ್ವಿಟ್ಜರ್ಲೆಂಡಿನ ಕಡೆಯ ಏರುದಾರಿಯಲ್ಲಿ ಹಿಮಕುಸಿತಕ್ಕೆ ಹೆಸರಾದ ಕೊರಕಲೊಂದಿದೆ. ಜನ ಅದನ್ನು ಸತ್ತವರ ಕಣಿವೆ ಎಂದೇ ಕರೆದರು. ಹದಿನೇಳನೆಯ ಶತಮಾನದ ಕೊನೆಯ ಹೊತ್ತಿಗೆ ಛತ್ರದಲ್ಲಿ ದೊಡ್ಡ ಮೈಯ ನಾಯಿಗಳಿದ್ದುದಕ್ಕೆ ಚಿತ್ರಗಳ ಸಾಕ್ಷಿ ಇದೆ. ಮೊದಮೊದಲು ಅವು ಕಾವಲು ನಾಯಿಗಳು. ಅಡುಗೆಮನೆಯಲ್ಲಿ ಮಾಂಸ ಸುಡುವ ಸರಳನ್ನು ತಿರುಗಿಸುವ ಚಕ್ರದೊಳಗೆ ನಡೆಯುವ ಕೆಲಸವನ್ನೂ ಮಾಡುತ್ತಿದ್ದವು. ಹಿಮದಡಿ ಹೂತವರನ್ನು ಮೂಸಿ ಹುಡುಕುವ ಅವುಗಳ ಶಕ್ತಿ ಜಗತ್ತಿಗೆ ತಿಳಿದದ್ದು ಆಮೇಲೆ. 1800ರಿಂದ 1814ರವರೆಗೆ ಬದುಕಿದ್ದ ಬ್ಯಾರಿ ಎಂಬ ನಾಯಿ ನಲವತ್ತಕ್ಕೂ ಹೆಚ್ಚು ಜನರ ಪ್ರಾಣ ಉಳಿಸಿತೆಂದು ಹೇಳುತ್ತಾರೆ; ಅದರ ದೇಹವನ್ನು ಬರ್ನ್ ನಗರದ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಕಾಪಾಡಿಕೊಂಡು ಬಂದಿದ್ದಾರೆ. ಕೊರಳಿಗೆ ಬ್ರಾಂದಿಯ ಪುಟ್ಟ ಪೀಪಾಯಿ ಕಟ್ಟಿಕೊಂಡ ನಾಯಿಯ ಚಿತ್ರ ನಿಮ್ಮಲ್ಲಿ ಹಲವರ ಕಣ್ಣ ಮುಂದೆ ಬಂದಿರಬಹುದು. ಅದು ಎಡ್ವಿನ್ ಲ್ಯಾಂಡ್‌ಸಿಯರ್ ಎಂಬ ಇಂಗ್ಲಿಷ್ ಕಲಾವಿದ 1820ರಲ್ಲಿ ಬರೆದ ಚಿತ್ರದಿಂದ ಹಬ್ಬಿದ ಕಲ್ಪನೆ.

ಎಲ್ಲರೂ ಬದುಕಿ ಬರುತ್ತಿರಲಿಲ್ಲ. ಘಾಟಿಯಲ್ಲಿ ನೆಲವೆಲ್ಲ ಬಂಡೆ, ವರ್ಷದ ಬಹುಪಾಲು ಹೆಪ್ಪುಗಟ್ಟಿರುತ್ತದೆ. ಹೂಳಲು ಗುಂಡಿ ತೋಡುವಂತಿಲ್ಲ. ಆದ್ದರಿಂದ ಹಿಮದಲ್ಲಿ ಸತ್ತು ಸಿಕ್ಕವರನ್ನು ಛತ್ರದ ಪಕ್ಕದ ಪುಟ್ಟ ಕಟ್ಟಡವೊಂದರಲ್ಲಿ, ಸಿಕ್ಕ ಭಂಗಿಯಲ್ಲೇ ಇರಿಸುತ್ತಿದ್ದರು. ಬಂಧುಗಳು ಯಾರಾದರೂ ಬಂದು ಗುರುತು ಹಿಡಿಯಲಿ ಎಂಬುದೂ ಅದರ ಉದ್ದೇಶವಾಗಿತ್ತು. ಚಾರ್ಲ್ಸ್ ಡಿಕನ್ಸ್ 1846ರಲ್ಲಿ ಈ ಛತ್ರಕ್ಕೆ ಬಂದಾಗ ಆ ಶವಾಗಾರವನ್ನು ನೋಡಿ ಕಲಕಿಹೋಗಿ, ಅದರ ಬಗ್ಗೆ ಪತ್ರದಲ್ಲೂ ಮುಂದೆ ಕಾದಂಬರಿಯಲ್ಲೂ ಬರೆದರು. ಇಲ್ಲಿ ಒಂದು ವಿಷಯವನ್ನು ಗಮನಿಸಬೇಕೆಂದು ಕೇಳಿಕೊಳ್ಳುತ್ತೇನೆ. ಒಳಗೆ ಒಲೆಯ ಮುಂದೆ ಕೈ ಕಾಯಿಸಿಕೊಳ್ಳುತ್ತಿದ್ದ ಅತಿಥಿಗೂ ಹೊರಗೆ ಗೋಡೆಗೊರಗಿ ನಿಂತಿದ್ದ ಆ ದೇಹಗಳಿಗೂ ನಡುವೆ ಇದ್ದ ಅಂತರ ಕೆಲವೇ ಹೆಜ್ಜೆ. ಆ ಊಟದ ರುಚಿಯನ್ನೂ ಆ ರಾತ್ರಿಯ ಹೊದಿಕೆಯ ಬೆಚ್ಚನೆಯನ್ನೂ ಈ ಅಂತರದ ಅರಿವಿನಿಂದ ಬೇರ್ಪಡಿಸಿ ನೋಡಲಾಗದು.

ಡಿಕನ್ಸ್ ಬಂದ ಕಾಲಕ್ಕೆ ಅತಿಥಿಗಳ ಬಗೆ ಬದಲಾಗತೊಡಗಿತ್ತು. ಅದಕ್ಕೂ ಮುನ್ನ, 1800ರ ಮೇ ತಿಂಗಳಲ್ಲಿ, ನೆಪೋಲಿಯನ್ ಸುಮಾರು 40,000 ಸೈನಿಕರೊಡನೆ ಈ ಘಾಟಿಯನ್ನು ದಾಟಿದ್ದ. ಆ ದಾಟುವಿಕೆಯನ್ನು ತೋರಿಸುವ ಪ್ರಸಿದ್ಧ ಚಿತ್ರದಲ್ಲಿ ಅವನು ಮುಂಗಾಲೆತ್ತಿ ನಿಂತ ಕುದುರೆಯ ಮೇಲಿದ್ದಾನೆ. ನಿಜವಾಗಿ ಬಂದದ್ದು ಹೇಸರಗತ್ತೆಯ ಮೇಲೆ. ಅದೇ ವರ್ಷದ ಜೂನ್‌ನಲ್ಲಿ ಮರೆಂಗೋ ಕಾಳಗದಲ್ಲಿ ಮಡಿದ, ದೆಸೆ ಎಂಬ ಹೆಸರಿನ ಅವನ ಸೇನಾನಿಯ ಸಮಾಧಿ ಛತ್ರದ ಗುಡಿಯಲ್ಲೇ ಇದೆ. ಆಮೇಲಿನ ದಶಕಗಳಲ್ಲಿ ನೋಡಲೆಂದೇ ಬರುವ ಪ್ರವಾಸಿಗರು ಹೆಚ್ಚಿದರು. ಛತ್ರದಲ್ಲಿ ಯಾರಿಂದಲೂ ಬಾಡಿಗೆ ಕೇಳುತ್ತಿರಲಿಲ್ಲ. ಗುಡಿಯಲ್ಲಿದ್ದ ಕಾಣಿಕೆ ಡಬ್ಬಿಗೆ ಮನಸ್ಸು ಬಂದಷ್ಟು ಹಾಕಬಹುದಿತ್ತು. ಉಳ್ಳವರು ತಂಗಿ, ಉಂಡು, ಖರ್ಚಿಗೆ ತಕ್ಕಷ್ಟೂ ಹಾಕದೆ ಹೋಗುತ್ತಾರೆಂದು ಆ ಕಾಲದ ಪ್ರವಾಸ ಕೈಪಿಡಿಗಳು ಓದುಗರನ್ನು ಎಚ್ಚರಿಸಿದವು. ಬಡವರಿಗಾಗಿ ಇಟ್ಟ ಅನ್ನವನ್ನು ಉಳ್ಳವರು ಪುಕ್ಕಟೆಯಾಗಿ ಉಂಡದ್ದು ನನ್ನ ಮನಸ್ಸಿಗೆ ಈಗಲೂ ನೋವು ತರುತ್ತದೆ.

ಆ ಎತ್ತರದಲ್ಲಿ ಒಂದು ಹೊತ್ತಿನ ಊಟವೆಂದರೆ ಏನೆಂದು ಅಡುಗೆಮನೆಗೆ ಹೋಗಿಯೇ ನೋಡಬೇಕು. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಸುಮಾರು ಮುಕ್ಕಾಲು ಭಾಗ ಮಾತ್ರ. ನೀರು 100 ಡಿಗ್ರಿಗೆ ಬರುವ ಮೊದಲೇ, ಹೆಚ್ಚುಕಡಿಮೆ 92 ಡಿಗ್ರಿಯಲ್ಲೇ ಕುದಿಯಲು ಶುರುವಾಗುತ್ತದೆ. ಪಾತ್ರೆಯಲ್ಲಿ ನೀರು ಕೊತಕೊತ ಕುದಿಯುತ್ತಿರುತ್ತದೆ, ಆದರೆ ಒಳಗಿನ ಆಲೂಗಡ್ಡೆ ಚುಚ್ಚಿದರೆ ಇನ್ನೂ ಗಟ್ಟಿ, ಮಾಂಸ ಇನ್ನೂ ನಾರುನಾರು. ಎಷ್ಟು ಉರಿ ಹಾಕಿದರೂ ಕುದಿಯುವ ನೀರಿನ ಬಿಸಿ ಏರದು, ಬರೇ ಆವಿಯಾಗುತ್ತದೆ. ಹಾಗಾಗಿ ಹೆಚ್ಚು ಹೊತ್ತು ಬೇಯಿಸಬೇಕು, ಅದಕ್ಕೆ ಹೆಚ್ಚು ಸೌದೆ ಬೇಕು. ಸೌದೆ ಎಲ್ಲಿಂದ ಬರಬೇಕು? ಮರಗಳು ಬೆಳೆಯುವ ಎತ್ತರದ ಮಿತಿಯನ್ನು ಘಾಟಿ ಎಂದೋ ದಾಟಿದೆ. ಕಣ್ಣಿಗೆ ಕಾಣುವಷ್ಟು ದೂರ ಒಂದು ಮರವಿಲ್ಲ. ಕೆಳಗಿನ ಕಣಿವೆಗಳಿಂದ ಹೇಸರಗತ್ತೆಗಳ ಬೆನ್ನ ಮೇಲೆ ಬೇಸಿಗೆಯಲ್ಲೇ ಹೊರಿಸಿ ತಂದು ಕೂಡಿಟ್ಟ ಸೌದೆ ಅದು. ಅತಿಥಿಯ ಮುಂದೆ ಬಂದ ಒಂದು ಬಟ್ಟಲು ಬಿಸಿ ಸಾರಿನಲ್ಲಿ ಇಷ್ಟು ದಾರಿ, ಇಷ್ಟು ಹೊತ್ತು ಅಡಗಿರುತ್ತಿತ್ತು.

1964ರಲ್ಲಿ ಬೆಟ್ಟದ ಹೊಟ್ಟೆಯೊಳಗೆ ಸುರಂಗ ಮಾರ್ಗ ತೆರೆಯಿತು. ಅಂದಿನಿಂದ ವ್ಯಾಪಾರಿಯೂ ಯೋಧನೂ ಘಾಟಿಯನ್ನು ಹತ್ತಬೇಕಾಗಿಲ್ಲ. ಆದರೆ ಇದರಿಂದ ಛತ್ರದ ಚಳಿಗಾಲ ಹಿಂದೆಂದಿಗಿಂತ ಏಕಾಂತವಾಯಿತು. ಶರತ್ಕಾಲದಲ್ಲಿ ಮೇಲಿನ ರಸ್ತೆ ಮುಚ್ಚಿದರೆ ಮತ್ತೆ ತೆರೆಯುವುದು ಬೇಸಿಗೆಯ ಹೊಸ್ತಿಲಲ್ಲಿ. ಆ ನಡುವೆ ತಂಗಲು ಬರುವವರು ಸುರಂಗದ ಬಾಯಿಯ ಹತ್ತಿರ ವಾಹನ ಬಿಟ್ಟು, ಹಿಮಜಾರು ಹಲಗೆಗಳನ್ನೋ ಹಿಮದಲ್ಲಿ ಹೂತುಹೋಗದಂತೆ ಕಾಲಿಗೆ ಕಟ್ಟುವ ಅಗಲ ಪಾದುಕೆಗಳನ್ನೋ ತೊಟ್ಟು, ಸುಮಾರು 550 ಮೀಟರ್ ಏರನ್ನು ಎರಡು ಮೂರು ತಾಸಿನಲ್ಲಿ ಹತ್ತಬೇಕು. ಆ ದಾರಿ ಸತ್ತವರ ಕಣಿವೆಯ ಮೂಲಕವೇ ಹೋಗುತ್ತದೆ. ಹತ್ತಿ ಬಂದವರು ಒದ್ದೆ ಜೋಡುಗಳನ್ನು ಕೆಳಗೇ ಕಳಚಿಟ್ಟು, ಕಮಾನು ಕಟ್ಟಿದ ಉದ್ದನೆಯ ಕಲ್ಲಿನ ಓಣಿಗಳಲ್ಲಿ ನಡೆದು ತಮ್ಮ ಮಂಚವನ್ನು ಹುಡುಕಿಕೊಳ್ಳುತ್ತಾರೆ. ಊಟಕ್ಕೆ ಗೊತ್ತಾದ ಹೊತ್ತಿದೆ, ಎಲ್ಲರಿಗೂ ಒಂದೇ ಅಡುಗೆ, ಉದ್ದನೆಯ ಮೇಜುಗಳಲ್ಲಿ ಪರಿಚಯವಿಲ್ಲದವರ ಪಕ್ಕದಲ್ಲಿ ಕೂರಬೇಕು. ಇಂಥದನ್ನು ಅನಾನುಕೂಲವೆಂದು ಎಣಿಸುವವರು ಇದ್ದಾರೆ. ಆದರೆ ಒಂದೇ ಏರನ್ನು ಹತ್ತಿ ಬಂದವರ ನಡುವೆ ಮಾತಿಗೆ ಪೀಠಿಕೆ ಬೇಕಾಗುವುದಿಲ್ಲ. ಗಾಳಿ ಹೇಗಿತ್ತು, ಹಿಮ ಎಲ್ಲಿ ಮೆತ್ತಗಿತ್ತು ಎಂಬಲ್ಲಿಂದ ಮಾತು ತಾನಾಗಿ ಹೊರಡುತ್ತದೆ.

ರಾತ್ರಿಯ ನಿದ್ದೆಯ ಬಗ್ಗೆಯೂ ಹೇಳಬೇಕು, ಏಕೆಂದರೆ ಇಂಥ ಕಡೆ ನಿದ್ದೆ ಬರಲಿಲ್ಲವೆಂದು ಹಾಸಿಗೆಯನ್ನು ದೂರುವವರು ಬಹಳ. ಎತ್ತರದಲ್ಲಿ ಆಮ್ಲಜನಕ ಸಾಲದೆ ದೇಹ ಹೆಚ್ಚು ಉಸಿರಾಡುತ್ತದೆ. ಅದರಿಂದ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು, ನಿದ್ದೆಯಲ್ಲಿ ಉಸಿರು ಕೆಲವು ಕ್ಷಣ ನಿಂತೇಹೋಗುತ್ತದೆ. ಮತ್ತೆ ದೀರ್ಘವಾಗಿ ಉಸಿರೆಳೆದುಕೊಳ್ಳುವಾಗ ಎಚ್ಚರವಾಗುತ್ತದೆ. ಸಾವಿರ ವರ್ಷಗಳ ಹಿಂದಿನ ಯಾತ್ರಿಕನೂ ಹೀಗೆಯೇ ಮಗ್ಗುಲು ಬದಲಿಸಿದ್ದಾನು.

ಎಲ್ಲ ಹಳೆಯ ಬೆಟ್ಟದ ಮನೆಗಳೂ ಆಪತ್ತಿನಿಂದಲೇ ಹುಟ್ಟಿದವಲ್ಲ. ಜಪಾನಿನ ಯಮನಾಶಿಯ ಬೆಟ್ಟಗಳಲ್ಲಿರುವ ಕೆಯುನ್‌ಕಾನ್, 705ರಲ್ಲಿ ಶುರುವಾಯಿತೆನ್ನುವ ಮನೆ, ಬಿಸಿನೀರಿನ ಬುಗ್ಗೆಯನ್ನು ನಂಬಿ ನಿಂತಿದೆ. ಅಮೆರಿಕದ ಆರಿಗನ್ ರಾಜ್ಯದಲ್ಲಿ, ಮೌಂಟ್ ಹುಡ್ ಪರ್ವತದ ದಕ್ಷಿಣ ಮಗ್ಗುಲಲ್ಲಿ ಸುಮಾರು 1,800 ಮೀಟರ್ ಎತ್ತರದಲ್ಲಿರುವ ಟಿಂಬರ್‌ಲೈನ್ ಲಾಡ್ಜ್ ಇನ್ನೊಂದು ಬಗೆಯದು. ಆರ್ಥಿಕ ಕುಸಿತದ ಕಾಲದಲ್ಲಿ ಕೆಲಸವಿಲ್ಲದವರಿಗೆ ಕೆಲಸ ಕೊಡಲೆಂದು ಸರ್ಕಾರದ ಯೋಜನೆಯಡಿ ಅದನ್ನು ಕಟ್ಟಿದರು. ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ 1937ರ ಸೆಪ್ಟೆಂಬರ್ 28ರಂದು ಲೋಕಾರ್ಪಣೆ ಮಾಡಿದರು. ಅಲ್ಲಿ ಅತಿಥಿ ಮೆಟ್ಟಿಲು ಹತ್ತುವಾಗ ಕೈ ಊರುವ ಕಂಬಗಳ ತಲೆಯಲ್ಲಿ ಗೂಬೆ, ಕರಡಿ, ಬೀವರ್ ಮೊದಲಾದ ಪ್ರಾಣಿಪಕ್ಷಿಗಳಿವೆ. ಬಳಸಿ ಬಿಟ್ಟ ತಂತಿಕಂಬಗಳನ್ನೇ ಕೆತ್ತಿ ಮಾಡಿದವು ಅವು. ಬೆಂಕಿಗೂಡಿನಲ್ಲಿ ಕೊರಡುಗಳನ್ನು ಹೊತ್ತ ಕಬ್ಬಿಣ ಒಂದು ಕಾಲದ ರೈಲುಹಳಿ. ನೆಲಹಾಸುಗಳನ್ನು ಹಳೆಯ ಕಂಬಳಿಗಳ ತುಂಡುಗಳಿಂದ ಹೆಣೆದಿದ್ದರು. ಹತ್ತುವವರೆಲ್ಲರ ಅಂಗೈ ಆ ಗೂಬೆಯ ನೆತ್ತಿಯನ್ನು ದಶಕಗಳಿಂದ ಸವರುತ್ತಾ ಬಂದು, ಮರ ನುಣ್ಣಗೆ ಹೊಳೆಯುತ್ತದೆ. ಆ ಮನೆಯೂ ಒಮ್ಮೆ ಸೋತಿತ್ತು: 1955ರಲ್ಲಿ ವಿದ್ಯುತ್ ಬಿಲ್ ಕಟ್ಟಲಾಗದೆ ಬಾಗಿಲು ಮುಚ್ಚಿತ್ತು. ರಿಚರ್ಡ್ ಕೋನ್‌ಸ್ಟಾಮ್ ಎಂಬವರು ಅದನ್ನು ವಹಿಸಿಕೊಂಡು ಎತ್ತಿ ನಿಲ್ಲಿಸಿದರು. ಅಲ್ಲಿ ಅತಿಥಿಗಳನ್ನು ಎದುರುಗೊಳ್ಳಲು ಸೇಂಟ್ ಬರ್ನಾರ್ಡ್ ನಾಯಿಗಳನ್ನೇ ಸಾಕಿರುವುದು ನನಗೆ ಬಹಳ ಹಿಡಿಸಿದ ಸಂಗತಿ. ಘಾಟಿಯ ಛತ್ರದ ನೆನಪು ಒಂದು ಸಾಗರವನ್ನು ದಾಟಿ ಅಲ್ಲಿ ಬಾಲವಾಡಿಸುತ್ತಿದೆ.

ನನ್ನದೊಂದು ಅನುಭವವನ್ನೂ ಹೇಳುತ್ತೇನೆ. ಹೆಸರು ಬೇಡ, ಬೆಟ್ಟದ ಹಳೆಯ ತಂಗುಮನೆಯೊಂದಕ್ಕೆ ನಾನು ಕತ್ತಲಾದ ಮೇಲೆ ತಲುಪಿದ್ದೆ. ಊಟದ ಹೊತ್ತು ಮೀರಿತ್ತು, ಸ್ನಾನಕ್ಕೆ ಬಿಸಿನೀರು ಇಲ್ಲವೆಂದರು, ಮಲಗಲು ಎಂಟು ಜನರ ಕೋಣೆ. ನನಗೆ ಅಸಮಾಧಾನವಾಯಿತು, ಅದನ್ನು ಆಡಿಯೂ ತೋರಿಸಿದೆ. ಮನೆ ನೋಡಿಕೊಳ್ಳುತ್ತಿದ್ದ ಹಿರಿಯರು ಉತ್ತರ ಕೊಡಲಿಲ್ಲ. ನನ್ನ ಒದ್ದೆ ಜೋಡುಗಳನ್ನು ಎತ್ತಿಕೊಂಡು ಹೋಗಿ, ಒಳಗೆ ಹಳೆಯ ಕಾಗದ ತುರುಕಿ, ಒಲೆಗೆ ತೀರಾ ಹತ್ತಿರವೂ ಅಲ್ಲದೆ ದೂರವೂ ಅಲ್ಲದೆ ಇಟ್ಟರು. ಹತ್ತಿರವಿಟ್ಟರೆ ಚರ್ಮ ಬಿರಿಯುತ್ತದೆ, ದೂರವಿಟ್ಟರೆ ಬೆಳಗಿನೊಳಗೆ ಒಣಗುವುದಿಲ್ಲ. ಆಮೇಲೆ ಉಳಿದಿದ್ದ ಸಾರನ್ನು ಬಿಸಿಮಾಡಿ ತಂದು ಮುಂದಿಟ್ಟರು. ನಡುರಾತ್ರಿ ಎದ್ದಾಗ ಅವರು ಬಂದು ಕಾಗದ ಬದಲಿಸುತ್ತಿದ್ದುದನ್ನು ಕಂಡೆ.

ಬೆಳಗ್ಗೆ ಹೊರಡುವಾಗ ಅವರು ಮುಂದಿಟ್ಟದ್ದು ಅತಿಥಿಗಳ ಪುಸ್ತಕ. ಬೆಟ್ಟದ ಮನೆಗಳಲ್ಲಿ ಈ ಪುಸ್ತಕದ ರೂಢಿ ಹಳೆಯದು. ಅದರಲ್ಲಿ ಹೆಸರು ಬರೆದ ಮೇಲೆ ಎಲ್ಲಿಂದ ಬಂದಿರಿ, ಮುಂದೆ ಎಲ್ಲಿಗೆ ಹೋಗುತ್ತೀರಿ ಎಂಬ ಎರಡು ಅಂಕಣಗಳಿರುತ್ತವೆ. ಸಂಜೆಯೊಳಗೆ ಮುಂದಿನ ಮನೆಗೆ ಯಾರಾದರೂ ತಲುಪದಿದ್ದರೆ ಯಾವ ದಾರಿಯಲ್ಲಿ ಹುಡುಕಬೇಕೆಂದು ತಿಳಿಯುವುದು ಆ ಎರಡನೆಯ ಅಂಕಣದಿಂದ. ನಾನು ಅವಸರದಲ್ಲಿ ಅದನ್ನು ಖಾಲಿ ಬಿಟ್ಟಿದ್ದೆ. ಅವರು ಪುಸ್ತಕವನ್ನು ಮತ್ತೆ ನನ್ನ ಕಡೆಗೆ ತಿರುಗಿಸಿ, ಖಾಲಿ ಜಾಗದ ಮೇಲೆ ಬೆರಳಿಟ್ಟು, ನಾನು ಬರೆದು ಮುಗಿಸುವವರೆಗೂ ಕಾದು ನಿಂತರು.